ಮೆಣಸಿನ ಖಾರ ಮತ್ತು ನರಗಳ ಉರಿಯೂತ: ಓದುಗರ ಪ್ರಶ್ನೆ, ನರರೋಗ ತಜ್ಞರ ಉತ್ತರ

ಪ್ರಶ್ನೆ: ಡಾಕ್ಟರೇ, ನನ್ನ ತಂದೆಗೆ 61 ವರ್ಷ. ಕಾಲಿನಲ್ಲಿ ಜೋಮು ಶುರುವಾಗಿ, ತಿಂಗಳುಗಳು ಕಳೆದಂತೆ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಪರೀಕ್ಷೆ ಮಾಡಿ ಸಿಐಡಿಪಿ, ಅಂದರೆ ರೋಗನಿರೋಧಕ ಶಕ್ತಿಯೇ ನರಗಳ ಪೊರೆಯನ್ನು ಹಾಳುಮಾಡುವ ದೀರ್ಘಕಾಲದ ಕಾಯಿಲೆ ಎಂದರು. ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಹನಿಸುವ ಚಿಕಿತ್ಸೆ) ಕೊಡುತ್ತಿದ್ದಾರೆ, ನಡಿಗೆ ಎಷ್ಟೋ ಸುಧಾರಿಸಿದೆ. ಆದರೆ ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನರಗಳ ಉರಿಯೂತ ಇಳಿಸುತ್ತದೆ ಎಂದು ಓದಿದ ಮೇಲೆ ಅಪ್ಪ ಪ್ರತಿ ಊಟಕ್ಕೂ ಹಸಿಮೆಣಸಿನಕಾಯಿ ತಿನ್ನುತ್ತಿದ್ದಾರೆ. ಕಾಲಿನ ಉರಿ ಕಡಿಮೆಯಾಗಿದೆ ಅನ್ನುತ್ತಾರೆ. ಮುಂದಿನ ಡೋಸ್ ಬೇಡ, ಇದನ್ನೇ ಮುಂದುವರಿಸೋಣ ಎಂದು ಹಟ ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ: ಡೋಸ್ ತಪ್ಪಿಸಬೇಡಿ. ಉಳಿದದ್ದೆಲ್ಲ ಆಮೇಲೆ. ಈ ಪತ್ರ ಓದಿದಾಗಿನಿಂದ ನನಗೆ ಕಳವಳ, ಅದಕ್ಕೇ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಹಾಗಂತ ನಿಮ್ಮ ತಂದೆಯವರು ಓದಿದ್ದು ಸುಳ್ಳಲ್ಲ. ಜರ್ಮನಿಯ ಬೋಕುಮ್‌ನಲ್ಲಿರುವ ರೂರ್ ವಿಶ್ವವಿದ್ಯಾಲಯದ ನರವಿಜ್ಞಾನಿಗಳು 2018ರಲ್ಲಿ ಇದನ್ನು ಪ್ರಕಟಿಸಿದರು. ನರದ ಪೊರೆಯಲ್ಲಿ, ಅಂದರೆ ಮಯಲಿನ್‌ನಲ್ಲಿ, ಪಿ2 ಎಂಬ ಪ್ರೋಟೀನ್ ಇರುತ್ತದೆ. ಅದರ ಒಂದು ತುಣುಕನ್ನು ಇಲಿಗಳಿಗೆ ಚುಚ್ಚಿದರೆ ಅವುಗಳ ರೋಗನಿರೋಧಕ ಶಕ್ತಿ ತನ್ನದೇ ನರಗಳ ಮೇಲೆ ತಿರುಗಿಬೀಳುತ್ತದೆ. ಹಾಗೆ ಕಾಯಿಲೆ ಬರಿಸಿದ ಇಲಿಗಳಲ್ಲಿ ಕ್ಯಾಪ್ಸೈಸಿನ್ ಬೆರೆಸಿದ ಆಹಾರ ತಿಂದವಕ್ಕೆ ಕಾಯಿಲೆಯ ಜೋರು ಕಡಿಮೆ ಇತ್ತು. ತೊಡೆಯ ಹಿಂಭಾಗದ ದೊಡ್ಡ ನರವನ್ನು ತೆಗೆದು ನೋಡಿದರೆ ಒಳಗೆ ನುಗ್ಗಿದ್ದ ಟಿ ಕೋಶ, ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳೂ ಕಡಿಮೆ, ಪೊರೆಗೆ ಆದ ಹಾನಿಯೂ ಕಡಿಮೆ. ಆ ಪೊರೆಯನ್ನು ನೇಯುವ ಶ್ವಾನ್ ಕೋಶಗಳ ಮೇಲೂ ಕ್ಯಾಪ್ಸೈಸಿನ್ ಅಂಟಿಕೊಳ್ಳುವ ಗ್ರಾಹಿ ಇದೆ ಎಂದು ಅದೇ ಕಡೆಯವರು ಮುಂದೆ ತೋರಿಸಿದರು. ಒಳ್ಳೆಯ ಕೆಲಸ, ಇದು ಮುಂದುವರಿಯಬೇಕು ಎಂದು ಮನಸಾರೆ ಬಯಸುವವರಲ್ಲಿ ನಾನೂ ಒಬ್ಬ.

ಆದರೆ ಆ ಇಲಿಗಳ ಕಾಯಿಲೆ ಕೆಲವೇ ವಾರಗಳಲ್ಲಿ ಏರಿ ತಾನಾಗಿಯೇ ಇಳಿಯುವಂಥದ್ದು. ಮನುಷ್ಯರಲ್ಲಿ ಅದಕ್ಕೆ ಹತ್ತಿರವಾದದ್ದು ಗಿಲ್ಲನ್-ಬಾರೆ ಎಂಬ, ಥಟ್ಟನೆ ಬರುವ ನರಗಳ ಕಾಯಿಲೆ. ನಿಮ್ಮ ತಂದೆಯವರದು 8 ವಾರಕ್ಕೂ ಮೀರಿ ಬೆಳೆಯುವ, ವರ್ಷಗಟ್ಟಲೆ ಕಾಡುವ ಕಾಯಿಲೆ. ಇಲಿಗೆ ಕೊಟ್ಟದ್ದು ಅಳೆದು ಬೆರೆಸಿದ ಕ್ಯಾಪ್ಸೈಸಿನ್. ಒಂದೇ ಗಿಡದ ಎರಡು ಕಾಯಿಗಳ ಖಾರವೇ ಒಂದೇ ಸಮ ಇರುವುದಿಲ್ಲ. ಜೊತೆಗೆ, ನಾವು ತಿಂದ ಕ್ಯಾಪ್ಸೈಸಿನ್‌ನ ಬಹುಪಾಲು ಯಕೃತ್ತಿನಲ್ಲೇ ಒಡೆದುಹೋಗುತ್ತದೆ. ರಕ್ತಕ್ಕೆ ಸೇರುವುದು ಅತ್ಯಲ್ಪ.

ಇನ್ನು ಉರಿ ಕಡಿಮೆಯಾದದ್ದು. ನನಗೆ ಹೆಚ್ಚು ಭಯ ಇದರದ್ದೇ. ಕ್ಯಾಪ್ಸೈಸಿನ್ ಹೋಗಿ ಕೂರುವ ಮುಖ್ಯ ಗ್ರಾಹಿಯ ಹೆಸರು ಟಿಆರ್‌ಪಿವಿ1. ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಅದನ್ನು ಪತ್ತೆಹಚ್ಚಿತು, 2021ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೂ ತೆರೆದುಕೊಳ್ಳುವುದು ಇದೇ ಗ್ರಾಹಿ. ಮೆಣಸಿನಕಾಯಿ ಕಚ್ಚಿದಾಗ ಬಾಯಿ ಸುಟ್ಟಂತೆ ಆಗುವುದು ಅದರಿಂದಲೇ. ಈ ಗ್ರಾಹಿ ಹೆಚ್ಚಾಗಿರುವುದು ನೋವು, ಉರಿ ಒಯ್ಯುವ ಸಣ್ಣ ನರದೆಳೆಗಳಲ್ಲಿ. ಅವುಗಳಲ್ಲಿ ಹೆಚ್ಚಿನವಕ್ಕೆ ಮಯಲಿನ್ ಪೊರೆಯೇ ಇಲ್ಲ. ಸಿಐಡಿಪಿ ಹಾಳುಮಾಡುವುದು ದಪ್ಪ ಪೊರೆಯ ದೊಡ್ಡ ಎಳೆಗಳನ್ನು: ಸ್ನಾಯುವಿಗೆ ಆಜ್ಞೆ ಒಯ್ಯುವವು, ಪಾದ ನೆಲದ ಮೇಲೆ ಎಲ್ಲಿದೆ ಎಂದು ತಿಳಿಸುವವು. ಆದ್ದರಿಂದ ಉರಿ ಇಳಿದಿದೆ ಎಂದ ಮಾತ್ರಕ್ಕೆ ಕಾಯಿಲೆ ಇಳಿದಿದೆ ಎಂದಲ್ಲ. ಉರಿ ಪೂರ್ತಿ ನಿಂತ ಕಾಲಿನಲ್ಲೂ ಬಲ ಕುಸಿಯುತ್ತಾ ಹೋಗಬಹುದು.

ನನ್ನ ಕೊಠಡಿಯಲ್ಲಿ ಇದನ್ನು ತಿಳಿಯಲು ದೊಡ್ಡ ಯಂತ್ರ ಬೇಕಾಗುವುದಿಲ್ಲ. 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಬಡಿದು ಕಾಲಿನ ಹೆಬ್ಬೆರಳಿನ ಮೂಳೆಯ ಮೇಲೆ ಇಡುತ್ತೇನೆ, ಕಣ್ಣು ಮುಚ್ಚಿ ಕಂಪನ ನಿಂತಾಗ ಹೇಳಿ ಅನ್ನುತ್ತೇನೆ. ಫೋರ್ಕ್ ಇನ್ನೂ ನನ್ನ ಬೆರಳಲ್ಲಿ ನಡುಗುತ್ತಿರುವಾಗಲೇ ‘ನಿಂತಿತು’ ಅನ್ನುವವರಿದ್ದಾರೆ, ಶುರುವಿಗೇ ‘ಏನೂ ಗೊತ್ತಾಗುತ್ತಿಲ್ಲ’ ಅನ್ನುವವರೂ ಇದ್ದಾರೆ. ಆಮೇಲೆ ಕೈ ಊರದೆ ಕುರ್ಚಿಯಿಂದ ಏಳಿಸುತ್ತೇನೆ, ಹಿಡಿತದ ಬಲ ಅಳೆಯುತ್ತೇನೆ. ಡೋಸ್ ಸಾಕೋ ಬೇಕೋ ಎಂದು ಹೇಳುವುದು ಈ ಅಳತೆಗಳು. ನಾಲಿಗೆಯ ಖಾರವಾಗಲಿ ಪಾದದ ಉರಿಯಾಗಲಿ ಅದನ್ನು ಹೇಳಲಾರವು.

ಐವಿಐಜಿಯ ಪ್ರಭಾವ ಕೆಲವು ವಾರಗಳಲ್ಲಿ ಇಳಿಯುತ್ತದೆ, ಅದಕ್ಕೇ ಮತ್ತೆ ಮತ್ತೆ ಕೊಡುವುದು. ಹಾಳಾದ ಪೊರೆ ಮತ್ತೆ ಬೆಳೆಯುತ್ತದೆ. ಆದರೆ ಉರಿಯೂತ ಬಹಳ ದಿನ ಉಳಿದು ಒಳಗಿನ ಆಕ್ಸಾನ್, ಅಂದರೆ ಸಂದೇಶ ಒಯ್ಯುವ ತಂತು, ಕಡಿದುಹೋದರೆ ಚೇತರಿಕೆ ತುಂಬ ನಿಧಾನ, ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ. ಪದೇ ಪದೇ ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡು ಗಂಟೆಗಟ್ಟಲೆ ಮಲಗುವುದು ನಿಮ್ಮ ತಂದೆಯವರಿಗೆ ಸಾಕಾಗಿರಬಹುದು. ಆ ಬೇಸರ ನ್ಯಾಯವಾದದ್ದು, ಅದನ್ನು ಅವರ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಲಿ. ಕಾಯಿಲೆ ಸ್ಥಿರವಾಗಿದ್ದರೆ ಬಲ ಅಳೆಯುತ್ತಾ ಡೋಸ್ ತಗ್ಗಿಸಿ ನೋಡುವ ಕ್ರಮ ನಮ್ಮಲ್ಲೂ ಇದೆ, ಕೆಲವರಿಗೆ ನಿಲ್ಲಿಸಲೂ ಸಾಧ್ಯವಾಗುತ್ತದೆ. ಮನೆಯಲ್ಲೇ ತೀರ್ಮಾನಿಸಿ ನಿಲ್ಲಿಸುವುದು ಬೇರೆ, ಇದು ಬೇರೆ.

ಮೆಣಸಿನಕಾಯಿ ಹೊಟ್ಟೆಗೆ ಒಗ್ಗಿದರೆ ರುಚಿಗೆ ತಿನ್ನಲಿ, ನನ್ನ ಅಡ್ಡಿಯಿಲ್ಲ. ಸ್ಟೀರಾಯ್ಡ್ ಮಾತ್ರೆಯೂ ನಡೆಯುತ್ತಿದ್ದು ಎದೆಯುರಿ ಬರುತ್ತಿದ್ದರೆ ಮಾತ್ರ ಕಡಿಮೆ ಮಾಡಲಿ.

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ನನ್ನ ಪಾದ ಉರಿಯುತ್ತದೆ. ಕ್ಯಾಪ್ಸೈಸಿನ್ ಹಚ್ಚಿದರೆ ನರ ಸತ್ತುಹೋಗುತ್ತದೆ ಅನ್ನುತ್ತಾರೆ, ನಿಜವೇ?

ಉತ್ತರ: ಚರ್ಮದ ಮೇಲ್ಪದರದಲ್ಲಿರುವ ಎಳೆಗಳ ತುದಿಗಳು ಕೆಲವು ಕಾಲ ಹಿಂದೆ ಸರಿಯುತ್ತವೆ, ಮತ್ತೆ ಬೆಳೆಯುತ್ತವೆ. ನರವೇ ಸಾಯುವುದಿಲ್ಲ. ಶೇ 8ರ ಕ್ಯಾಪ್ಸೈಸಿನ್ ಪ್ಯಾಚ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಸರ್ಪಸುತ್ತಿನ ನಂತರದ ನೋವಿಗೂ, 2020ರಲ್ಲಿ ಮಧುಮೇಹದ ಪಾದನೋವಿಗೂ ಒಪ್ಪಿಗೆ ಕೊಟ್ಟಿದೆ. ಅದನ್ನು ಆಸ್ಪತ್ರೆಯಲ್ಲೇ, ಪಾದಕ್ಕೆ 30 ನಿಮಿಷ ಅಂಟಿಸುತ್ತಾರೆ. ಮತ್ತೆ ಹಾಕಲು ಕನಿಷ್ಠ 3 ತಿಂಗಳು ಕಾಯಬೇಕು. ಮನೆಯಲ್ಲಿ ಹಚ್ಚುವ ಮುಲಾಮು ಇದಕ್ಕಿಂತ ಎಷ್ಟೋ ಪಟ್ಟು ಸೌಮ್ಯ, ಸಾಮಾನ್ಯವಾಗಿ ಶೇ 0.025 ಅಥವಾ 0.075. ದಿನಕ್ಕೆ ಮೂರು ನಾಲ್ಕು ಸಲ, ವಾರಗಟ್ಟಲೆ ಹಚ್ಚಬೇಕು. ಮೊದಮೊದಲು ಉರಿ ಹೆಚ್ಚುತ್ತದೆ, ಅಲ್ಲಿಗೇ ಬಿಟ್ಟುಬಿಡುವವರೂ ಇದ್ದಾರೆ.

ಕೈಗವಸು ಹಾಕಿಕೊಂಡೇ ಹಚ್ಚಿ. ಕ್ಯಾಪ್ಸೈಸಿನ್ ಬರಿ ನೀರಿಗೆ ಹೋಗುವುದಿಲ್ಲ. ಕೈಗೆ ತಗುಲಿದರೆ ಮೊದಲು ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ, ಅಲ್ಲಿಯವರೆಗೆ ಕಣ್ಣು ಮುಟ್ಟಬೇಡಿ. ಗಾಯ, ಬಿರುಕು ಇರುವ ಪಾದಕ್ಕೆ ಹಚ್ಚಲೇಬೇಡಿ. ಹಚ್ಚಿದ ಮೇಲೆ ಬಿಸಿನೀರಿನ ಶಾಖವೂ ಬೇಡ: ಸ್ಪರ್ಶ ಕಡಿಮೆಯಾದ ಪಾದಕ್ಕೆ ಸುಟ್ಟದ್ದು ತಿಳಿಯುವುದಿಲ್ಲ.

ಇಬ್ಬರಿಗೂ ಒಂದು ಮಾತು. ಕಾಲಿನ ಸೋಲು ಕೆಲವೇ ದಿನಗಳಲ್ಲಿ ಮೇಲಕ್ಕೆ ಏರಿದರೆ, ನುಂಗಲು ಕಷ್ಟವಾದರೆ, ಮಾತಿನ ನಡುವೆ ಉಸಿರು ಸಾಲದಾದರೆ, ನನಗೆ ಪತ್ರ ಬರೆಯುತ್ತಾ ಕೂರಬೇಡಿ. ಅದೇ ಗಳಿಗೆ ತುರ್ತು ಚಿಕಿತ್ಸಾ ಘಟಕಕ್ಕೆ ಹೊರಡಿ.