ಹೊಸ ಹವಳದ ಟ್ಯಾಂಕಿನಲ್ಲಿ ಪಿಎಚ್ 7.9 ಬರ್ತಿದೆ, ಬಫರ್ ಹಾಕಲೇ?

ಬೇಡ. ಬಫರ್ ಎಂದರೆ ಪಿಎಚ್ ಏರಿಸಲೆಂದು ಹಾಕುವ ಕ್ಷಾರದ ಪುಡಿ ಅಥವಾ ದ್ರಾವಣ. ನೀವು ಕೊಟ್ಟ ವಿವರ ಇಷ್ಟು: ರಾಯಚೂರು, 100 ಲೀಟರಿನ ಟ್ಯಾಂಕು, ಉಪ್ಪುನೀರು ತುಂಬಿ ಮೂರು ವಾರ, ಬೋರ್ ನೀರಿಗೆ ಅಡುಗೆಮನೆಯ ಆರ್‌ಒ, ಪಿಎಚ್ 7.9, ಕೆಎಚ್ (ನೀರಿನ ಕ್ಷಾರೀಯತೆ, ಅಂದರೆ ಪಿಎಚ್ ಕುಸಿಯದಂತೆ ಹಿಡಿಯುವ ಶಕ್ತಿ) 7, ಅಮೋನಿಯಾ 0.5 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಮರಳಿನ ಮೇಲೆ ಕಂದು ಪದರ, ಮೀನು ಇನ್ನೂ ಬಿಟ್ಟಿಲ್ಲ. ಇದರಲ್ಲಿ ಬಾಟಲಿ ಸುರಿದು ಸರಿಮಾಡುವಂಥದ್ದು ಏನೂ ಇಲ್ಲ. ಸರಿಯಾಗಬೇಕಾದದ್ದು ಟ್ಯಾಂಕಿಗೆ ಹೋಗುವ ಸಿಹಿನೀರು.

ನಮ್ಮ ಕಡೆ ಬೋರ್ ನೀರು ಗಡಸು. ಫ್ಲೋರೈಡ್, ನೈಟ್ರೇಟ್ ಇರುವ ಊರುಗಳೂ ಬಹಳ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) 1500 ಇದ್ದರೆ, ಮೆಂಬ್ರೇನ್ (ಸೋಸುವ ಪೊರೆ) ಶೇ 95ರಷ್ಟು ತಡೆದರೂ 75 ಉಳಿಯಿತು. ಅದರ ಮೇಲೆ ಮನೆಯ ಆರ್‌ಒಗಳಲ್ಲಿ ರುಚಿಗೆಂದು ಕಚ್ಚಾ ನೀರನ್ನೇ ಸ್ವಲ್ಪ ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಅದನ್ನು ಪೂರ್ತಿ ಮುಚ್ಚಿಸಿ. ಮಿನರಲ್ ಕಾರ್ಟ್ರಿಡ್ಜ್ ಇದ್ದರೆ ಬೈಪಾಸ್ ಮಾಡಿಸಿ. ನಿಮ್ಮದು ‘ತಾಮ್ರ’ದ ಮಾಡೆಲ್ ಆಗಿದ್ದರೆ ಆ ನೀರು ಟ್ಯಾಂಕಿಗೆ ಬೇಡವೇ ಬೇಡ. ನಮಗೆ ಒಳ್ಳೆಯದೆಂದು ಹಾಕುವ ಆ ತಾಮ್ರ ಸಿಗಡಿ, ಶಂಖದ ಹುಳು, ಹವಳಗಳಿಗೆ ವಿಷ. ಮೆಂಬ್ರೇನಿನಿಂದ ಹೊರಬರುವ ಪೈಪಿನಲ್ಲೇ ನೀರು ತೆಗೆದು, ಉಳಿದ ಲವಣಗಳನ್ನೂ ಹೀರಿಕೊಳ್ಳುವ ಒಂದು ಡಿಐ (ಡೀಅಯಾನೈಸೇಶನ್) ರೆಸಿನ್ ಕಾರ್ಟ್ರಿಡ್ಜ್ ದಾಟಿಸಿ. ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು.

ಕಂದು ಪದರ ಬಹುತೇಕ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದು ಬೆಳೆಯಲು ಸಿಲಿಕಾ ಬೇಕು. ರೆಸಿನ್ ಸವೆದಾಗ ಮೊದಲು ತಪ್ಪಿಸಿಕೊಂಡು ಬರುವುದೂ ಸಿಲಿಕಾವೇ, ಮೀಟರಿಗೆ ಮಾತ್ರ ಅದು ಕಾಣುವುದಿಲ್ಲ. ಹಾಗಾಗಿ ಸೊನ್ನೆ ಇದ್ದದ್ದು 1 ಆದ ದಿನವೇ ರೆಸಿನ್ ಬದಲಿಸಿ. ತುಂಗಭದ್ರೆಯ ಮರಳು ಹಾಕಿದ್ದರೆ, ಅದೂ ಸಿಲಿಕಾವೇ, ತೆಗೆದು ಅರಾಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ) ಮರಳು ಹಾಕಿ.

ಪಿಎಚ್ ವಿಷಯ. 7.8ರಿಂದ 8.4ರ ನಡುವೆ ಎಲ್ಲಿದ್ದರೂ ನಡೆಯುತ್ತದೆ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆಯಲ್ಲಿ ಜನರ ಉಸಿರಿನ ಕಾರ್ಬನ್ ಡೈಆಕ್ಸೈಡ್ ನೀರಿಗೆ ಇಳಿದು ಪಿಎಚ್ ತಗ್ಗಿಸುತ್ತದೆ. ಪರೀಕ್ಷೆ ಸುಲಭ: ಒಂದು ಲೋಟ ಟ್ಯಾಂಕಿನ ನೀರನ್ನು ಹೊರಗೆ ನೆರಳಿನಲ್ಲಿಟ್ಟು, ಏರ್ ಪಂಪಿನಿಂದ ಒಂದು ತಾಸು ಗಾಳಿ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಕಾರಣ ಕೋಣೆಯ ಗಾಳಿ. ಕಿಟಕಿ ತೆರೆಯುವುದೇ ಔಷಧಿ. ಇಂಥ ನೀರಿಗೆ ಬಫರ್ ಸುರಿದರೆ ಕೆಎಚ್ ಸುಮ್ಮನೆ ಏರುತ್ತಾ ಹೋಗಿ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಹೀಟರು, ಪಂಪಿಗೆ ಕಟ್ಟಿಕೊಳ್ಳುತ್ತದೆ. ಪಿಎಚ್ ಮಾತ್ರ ಮರುದಿನ ಮತ್ತೆ ಅಲ್ಲಿಗೇ.

ಕೆಎಚ್ 7 ಕೂಡ ತೊಂದರೆಯಲ್ಲ. 8–9, ಕ್ಯಾಲ್ಸಿಯಂ 400–450, ಮೆಗ್ನೀಷಿಯಂ 1250–1350 ಪಿಪಿಎಂ ಇದ್ದರೆ ಚೆಂದ. ಹವಳ ಬೆಳೆಯತೊಡಗುವವರೆಗೆ ವಾರಕ್ಕೆ 10 ಲೀಟರ್ ನೀರು ಬದಲಿಸಿದರೆ ಸಾಕು. ಮುಂದೆ ಎಂದಾದರೂ ಏರಿಸಬೇಕಾಗಿ ಬಂದರೆ, 3 ಗ್ರಾಂ ಅಡುಗೆ ಸೋಡಾ 100 ಲೀಟರಿನ ಕೆಎಚ್ಚನ್ನು 1ರಷ್ಟು ಏರಿಸುತ್ತದೆ. ಡಿಐ ನೀರಿನಲ್ಲಿ ಕರಗಿಸಿ, ನೀರು ಜೋರಾಗಿ ಹರಿಯುವ ಕಡೆ ನಿಧಾನ ಹಾಕಿ. ದಿನಕ್ಕೆ 1ಕ್ಕಿಂತ ಹೆಚ್ಚು ಏರಿಸಬೇಡಿ.

ಅಮೋನಿಯಾ 0.5 ಈ ಹಂತದಲ್ಲಿ ಸಹಜ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಮೋನಿಯಾ ಸೊನ್ನೆಗೆ ಬಂದ ಮೇಲೆ, ಬ್ಯಾಕ್ಟೀರಿಯಾ ಸಾಕಷ್ಟಿದೆಯೇ ಎಂದು ಪರೀಕ್ಷಿಸಲು 0.6 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿ. 100 ಲೀಟರಿಗೆ ಸುಮಾರು 2 ಪಿಪಿಎಂ ಆಗುತ್ತದೆ. ಲ್ಯಾಬಿನ ಶುದ್ಧ ಪುಡಿಯೇ ಬೇಕು, ಕಲಾಯಿಗೆ ಬಳಸುವ ನವಸಾಗರ ಅಲ್ಲ. 24 ತಾಸಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ಟ್ಯಾಂಕು ಸಿದ್ಧ. ಆಗ ಅರ್ಧ ನೀರು ಬದಲಿಸಿ ನೈಟ್ರೇಟನ್ನು 10ರ ಒಳಗೆ ತನ್ನಿ. ನೈಟ್ರೇಟು, ಫಾಸ್ಫೇಟು ಪೂರ್ತಿ ಸೊನ್ನೆ ಮಾಡಲು ಹೋಗಬೇಡಿ. ಡೈನೋಫ್ಲಾಜೆಲೇಟ್ ಎಂಬ ಲೋಳೆ ಲೋಳೆಯ ಕಾಟ ಶುರುವಾಗುವುದು ಹೆಚ್ಚಾಗಿ ಅಂಥ ಟ್ಯಾಂಕಿನಲ್ಲೇ.

ಹೊಸ ನೀರಿಗೆ ಲೀಟರಿಗೆ 35ರಿಂದ 38 ಗ್ರಾಂ ರೀಫ್ ಉಪ್ಪು (ಹವಳದ ಟ್ಯಾಂಕಿಗೆಂದೇ ತಯಾರಿಸಿದ್ದು). ಕಲ್ಲುಪ್ಪು ನಡೆಯದು, ಅದು ಹೆಚ್ಚೂಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಬಕೆಟ್ಟಿನಲ್ಲಿ ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಪಂಪ್ ಹಾಕಿ ರಾತ್ರಿಯಿಡೀ ತಿರುಗಲಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಿಂದಲೇ ಸರಿಹೊಂದಿಸಿ.

ರಾಯಚೂರಿನ ಬೇಸಿಗೆಯಲ್ಲಿ ನೀರು 28 ಡಿಗ್ರಿ ದಾಟಿದರೆ ಅಪಾಯ ಹತ್ತಿರ. ಒಣಗಾಳಿ ಇರುವುದರಿಂದ ನೀರಿನ ಮೇಲ್ಮೈಗೆ ಬೀಸುವ ಸಣ್ಣ ಫ್ಯಾನೇ ಎರಡು ಮೂರು ಡಿಗ್ರಿ ಇಳಿಸಬಲ್ಲದು. ಆದರೆ ದಿನಕ್ಕೆ 3 ಲೀಟರ್ ಆವಿಯಾದರೆ 35 ಇದ್ದ ಉಪ್ಪಿನಂಶ 36 ದಾಟುತ್ತದೆ, ಎರಡು ದಿನ ಮರೆತರೆ 37. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ತುಂಬಿಸಬೇಕಾದದ್ದು ಬರೀ ಡಿಐ ನೀರು. ಗಾಜಿಗೆ ಗೆರೆ ಹಾಕಿ ಬೆಳಿಗ್ಗೆ ಸಂಜೆ ತುಂಬಿಸಿ, ಇಲ್ಲವೇ ಆಟೋ ಟಾಪ್-ಅಪ್ ಇಡಿ. ಕರೆಂಟು ಹೋಗುವ ಹೊತ್ತಿಗೆ ಬ್ಯಾಟರಿ ಏರ್ ಪಂಪ್ ಒಂದು ಇರಲೇಬೇಕು.

ಇನ್ನೊಂದು. ಗಟ್ಟಿ ಹವಳ, ಸಮುದ್ರ ಬೀಸಣಿಗೆ, ಕಡಲ್ಗುದುರೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತು ತಂದ ಹವಳದ ಕಲ್ಲನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಮುಟ್ಟಬೇಡಿ. ಟ್ಯಾಂಕಿಗೆಂದೇ ತಯಾರಿಸಿದ ಸೆರಾಮಿಕ್ ಕಲ್ಲಿನಲ್ಲೂ ಬ್ಯಾಕ್ಟೀರಿಯಾ ಚೆನ್ನಾಗಿಯೇ ಕೂರುತ್ತದೆ.