ಕನ್ನಡಕ ಮರೆತು ಬಂದಿದ್ದೇನೆ ಎಂದ ಮೆಕ್ಯಾನಿಕ್

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಳಿ ಸಲಹೆಗೆ ಬಂದವರಿಗೆ 36 ವರ್ಷ. ಎಂಜಿನ್ ಸದ್ದು ಕೇಳಿಯೇ ದೋಷ ಹೇಳಬಲ್ಲ ಮೆಕ್ಯಾನಿಕ್. ಸೂಪರ್‌ವೈಸರ್ ಮಾಡುತ್ತೇನೆಂದು ಮಾಲೀಕರು ಹೇಳಿದ ವಾರವೇ ಕೆಲಸ ಬಿಡಲು ಹೊರಟಿದ್ದರು. ನಿದ್ದೆಯಿಲ್ಲ, ಮನೆಯಲ್ಲಿ ಸಿಡುಕು. ಹೆಂಡತಿ ಕರೆತಂದಿದ್ದರು.

ಅರ್ಜಿ ತುಂಬಲು ಕೊಟ್ಟೆ. "ಕನ್ನಡಕ ಮರೆತು ಬಂದಿದ್ದೇನೆ ಮೇಡಂ" ಎಂದು ಹೆಂಡತಿಯ ಕೈಗೆ ದಾಟಿಸಿದರು. ಅವರಿಗೆ ಕನ್ನಡಕವೇ ಇರಲಿಲ್ಲ. ಒಬ್ಬರೇ ಇದ್ದಾಗ ಹೇಳಿಕೊಂಡರು: ಸೂಪರ್‌ವೈಸರ್ ಆದರೆ ದಿನವೂ ಜಾಬ್ ಕಾರ್ಡ್ (ಗಾಡಿಯ ರಿಪೇರಿ ವಿವರದ ಚೀಟಿ) ಬರೆಯಬೇಕು, ಗಾಡಿ ನಂಬರಿನ 36 ಅವರ ಕೈಯಲ್ಲಿ 63 ಆಗುತ್ತದೆ. ಶಾಲೆಯಲ್ಲಿ ಬಾಯಿಲೆಕ್ಕಕ್ಕೆ ಶಹಬ್ಬಾಸ್, ಉಕ್ತಲೇಖನಕ್ಕೆ ಬೆತ್ತ.

ದಿನಪತ್ರಿಕೆಯ ಒಂದು ಪ್ಯಾರಾ ಓದಿಸಿದೆ. ಸಾಲಿನ ಕೆಳಗೆ ಬೆರಳಿಟ್ಟು, ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಿದ್ದರು. "ವಿದ್ಯಾರ್ಥಿ" "ವಿದ್ಯುತ್" ಆಯಿತು. ಒತ್ತಕ್ಷರ ಬಂದಲ್ಲೆಲ್ಲ ಉಸಿರು ಬಿಗಿಹಿಡಿದರು. ಮುಂದಿನ ಪ್ಯಾರಾವನ್ನು ನಾನೇ ಓದಿ ಹೇಳಿದೆ. ಒಂದು ವಿವರವೂ ತಪ್ಪದೆ ಹಾಗೆಯೇ ಒಪ್ಪಿಸಿದರು.

ಕಿವಿಗೆ ಸಲೀಸು, ಕಣ್ಣಿಗೆ ಕಷ್ಟ: ನಾನು ಮೊದಲು ಗಮನಿಸುವುದು ಈ ಅಂತರವನ್ನು, ಅದೂ ಬಾಲ್ಯದಿಂದಲೇ ಇದೆಯೇ ಎಂಬುದನ್ನು. ಅಲ್ಪಪ್ರಾಣ, ಮಹಾಪ್ರಾಣ ತಪ್ಪುವುದನ್ನೇ ಲಕ್ಷಣವೆಂದುಕೊಳ್ಳಬೇಡಿ; ಆಡುಮಾತಿನ ಪ್ರಭಾವದಿಂದ ಅದು ಎಷ್ಟೋ ಜನರಿಗೆ ತಪ್ಪುತ್ತದೆ.

ಮೊದಲು ಕಣ್ಣು, ಕಿವಿ ತೋರಿಸಿಕೊಳ್ಳಲು ಹೇಳಿದೆ. ನಂತರ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಿಂದ ಪರೀಕ್ಷೆ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು ಬರಹ ಕಷ್ಟವಾಗುವ ಕಲಿಕಾ ನ್ಯೂನತೆ, ಎಂದು ಹೇಳಬೇಕಾದವರು ಅವರು, ನಾನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ ಎಂದಾಗ, "ಹಾಗಾದರೆ ನಾನು ದಡ್ಡನಲ್ಲವೇ?" ಎಂದು ಕೇಳಿದರು. ಅಲ್ಲ ಎಂದೆ. ತುಂಬ ಹೊತ್ತು ಅತ್ತರು.

ಕೆಲಸ ಬಿಡಬೇಡಿ, ಮಾಲೀಕರಿಗೆ ವಿಷಯ ತಿಳಿಸಿ ಎಂದೆ. ಜಾಬ್ ಕಾರ್ಡಿನ ವಿವರವನ್ನು ಮೊಬೈಲಿಗೆ ಕನ್ನಡದಲ್ಲೇ ಹೇಳಿದರೆ ಅದೇ ಅಕ್ಷರ ಮಾಡಿಕೊಡುತ್ತದೆ, ಕೂತಲ್ಲೇ ಕಲಿಸಿದೆ. ಗಾಡಿ ನಂಬರನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಹೇಳಿ, ಜೊತೆಯವರಿಂದ ತಾಳೆ ನೋಡಿಸಬೇಕು. "ಓದಲು ಸೋಮಾರಿತನ" ಎಂಬ ಮಾತು ಇನ್ನು ಮನೆಯಲ್ಲಿ ಬರಬಾರದೆಂದು ಹೆಂಡತಿಗೆ ಹೇಳಿದೆ.

ಆಕೆ ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಮೂರನೇ ತರಗತಿಯ ಮಗಳೂ ಹೀಗೆಯೇ ಬೆರಳಿಟ್ಟು ಓದುತ್ತಾಳಂತೆ. ವಂಶದಲ್ಲಿ ಹರಿದುಬರುವುದುಂಟು, ಆದರೆ ನೋಡದೆ ಹೇಳಲಾಗದು. ನೋಟ್‌ಬುಕ್ಕಿನ ಸಮೇತ ಮಗಳನ್ನು ಮುಂದಿನ ಶನಿವಾರ ಕರೆತರಲು ಹೇಳಿದ್ದೇನೆ.