ಪುಸ್ತಕದ 45 ಡಿಗ್ರಿ, ಕೋಚ್ ಹೇಳಿದ ‘ಇನ್ನೂ ಮೇಲಕ್ಕೆ’

ಪ್ರಶ್ನೆ: ನಾನು ಪ್ರಥಮ ಪಿಯುಸಿ ಓದುತ್ತಿದ್ದೇನೆ. ಎತ್ತರ ಐದಡಿ ಎರಡಿಂಚು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಫ್ರೀ ಥ್ರೋ (ಗೆರೆಯ ಹಿಂದೆ ನಿಂತು, ಯಾರೂ ತಡೆಯದೆ ಎಸೆಯುವುದು) ಎಸೆದಾಗಲೆಲ್ಲ ಚೆಂಡು ರಿಂಗಿನ ಮುಂಭಾಗಕ್ಕೆ ಬಡಿದು ವಾಪಸ್ ಬರುತ್ತದೆ. 45 ಡಿಗ್ರಿಯಲ್ಲಿ ಎಸೆದರೆ ಅತಿ ದೂರ ಹೋಗುತ್ತದೆ ಎಂದು ಪುಸ್ತಕದಲ್ಲಿದೆ. ಕೋಚ್ ‘ಇನ್ನೂ ಮೇಲಕ್ಕೆ’ ಎನ್ನುತ್ತಾರೆ. ಅಷ್ಟು ಮೇಲಕ್ಕೆ ಎಸೆಯುವ ಶಕ್ತಿ ನನ್ನ ತೋಳಿಗಿಲ್ಲ. ಯಾರ ಮಾತು ಕೇಳಲಿ?
– ಓದುಗಿ, ಚಿತ್ರದುರ್ಗ

ಉತ್ತರ: ಕೋಚ್ ಮಾತು ಕೇಳಮ್ಮ. ಪುಸ್ತಕವೂ ಸುಳ್ಳು ಹೇಳಿಲ್ಲ. ಆದರೆ ಅದರ 45 ಡಿಗ್ರಿ ಇರುವುದು ಎಸೆದ ಮಟ್ಟಕ್ಕೇ ಬಂದು ಬೀಳುವ ಚೆಂಡಿಗೆ. ಈ ಷರತ್ತನ್ನು ಒತ್ತಿ ಹೇಳಬೇಕಾದವರು ನಾವು ಮೇಷ್ಟರುಗಳು. ನಿನ್ನ ಊರಿನಲ್ಲೇ ಭೌತಶಾಸ್ತ್ರ ಕಲಿಸಿದ ನಾನೂ ಎಷ್ಟೋ ವರ್ಷ ಅದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದೇನೆ. ನಿನ್ನ ಪತ್ರ ಓದಿದಾಗ ಅದು ಮನಸ್ಸಿಗೆ ಚುಚ್ಚಿತು.

ನಿನ್ನದೇ ಲೆಕ್ಕ ಹಾಕಿ ನೋಡಿದೆ. ಚೆಂಡು ನಿನ್ನ ಕೈಬಿಡುವುದು 1.75 ಮೀಟರ್ ಎತ್ತರದಲ್ಲಿ ಎಂದುಕೊಂಡೆ. ರಿಂಗ್ ಇರುವುದು 3.05 ಮೀಟರ್, ಅಂದರೆ ಹತ್ತಡಿ ಮೇಲೆ. (1891ರಲ್ಲಿ ಈ ಆಟ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಯನ್ನು ಮೊಳೆ ಹೊಡೆದು ನಿಲ್ಲಿಸಿದ ಕಟಾಂಜನ ಅಷ್ಟು ಎತ್ತರದಲ್ಲಿತ್ತು, ಅಳತೆ ಹಾಗೆಯೇ ಉಳಿಯಿತು.) ಗೆರೆಯಿಂದ ರಿಂಗಿನ ನಡುವಿಗೆ ಸುಮಾರು 4.2 ಮೀಟರ್. ಗಾಳಿಯ ತಡೆಯನ್ನು ಬಿಟ್ಟರೆ, 45 ಡಿಗ್ರಿಯಲ್ಲಿ ಎಸೆಯಲು ಸೆಕೆಂಡಿಗೆ 7.7 ಮೀಟರ್ ವೇಗ ಬೇಕು. 54 ಡಿಗ್ರಿಗೆ 7.5 ಸಾಕು! 58 ಡಿಗ್ರಿಗೂ ಹೆಚ್ಚುಕಡಿಮೆ ಅಷ್ಟೇ. ನೀನು ಹೆದರುತ್ತಿರುವ ಎತ್ತರದ ಎಸೆತವೇ ನಿನ್ನ ತೋಳಿಗೆ ಹಗುರ. ಕೈಯಿಂದ ರಿಂಗಿನತ್ತ ನೋಡುವ ಏರುಕೋನದ ಅರ್ಧವನ್ನು 45ಕ್ಕೆ ಕೂಡಿಸಿದರೆ ಅತಿ ಕಡಿಮೆ ವೇಗ ಬೇಡುವ ಕೋನ ಸಿಗುತ್ತದೆ. ಎತ್ತರ ಕಡಿಮೆಯಿದ್ದವರಿಗೆ ಅದು ಇನ್ನಷ್ಟು ಮೇಲಕ್ಕೆ ಹೋಗುತ್ತದೆ.

ಇನ್ನು ಮುಂಭಾಗಕ್ಕೆ ಬಡಿಯುವ ವಿಷಯ. ಆರು ಸೆಂಟಿಮೀಟರ್ ಅಗಲದ ಬಳೆ, ಮೂರು ಸೆಂಟಿಮೀಟರಿಗೆ ತುಸು ಮೇಲಿರುವ ನಿಂಬೆಹಣ್ಣು ತೆಗೆದುಕೋ. ರಿಂಗಿಗೂ ಚೆಂಡಿಗೂ ಇರುವ ಪ್ರಮಾಣ ಇದೇ: 45 ಸೆಂಟಿಮೀಟರಿಗೆ 24. ಬಳೆಯನ್ನು ಅಡ್ಡಡ್ಡವಾಗಿ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಹಿಡಿ. ಬರೀ ಸೀಳಿನಂತೆ ಕಾಣುತ್ತದೆ. ಅದರಲ್ಲಿ ನಿಂಬೆ ತೂರಲಾರದು. ಬಳೆಯನ್ನು ಹಾಗೇ ಕೆಳಕ್ಕೆ ಇಳಿಸುತ್ತಾ ಹೋಗು, ಬಾಯಿ ತೆರೆಯುತ್ತದೆ. ಚೆಂಡಿನ ಪಾಲಿಗೂ ಹಾಗೆಯೇ. 32 ಡಿಗ್ರಿಗಿಂತ ಕಡಿಮೆ ಓರೆಯಲ್ಲಿ ಇಳಿದರೆ ಕಬ್ಬಿಣ ಮುಟ್ಟದೆ ಒಳಹೋಗಲು ದಾರಿಯೇ ಇಲ್ಲ. ನಿನ್ನ 45 ಡಿಗ್ರಿಯ ಎಸೆತ ಇಳಿಯುವುದು ಸುಮಾರು 21 ಡಿಗ್ರಿಯಲ್ಲಿ. 58ರದ್ದು 44 ಡಿಗ್ರಿ ದಾಟುತ್ತದೆ. ಆಗ ರಿಂಗಿನ ಬಾಯಿ ಚೆಂಡಿಗೆ 31 ಸೆಂಟಿಮೀಟರ್‌ನಷ್ಟು ತೆರೆದಿರುತ್ತದೆ.

ಎಸೆತದ ಶಕ್ತಿ ಮೊಣಕಾಲುಗಳಿಂದ ಬರಲಿ. ಕೊನೆಗೆ ಮಣಿಕಟ್ಟು ಬಾಗಿಸಿ ಚೆಂಡಿಗೆ ಹಿಮ್ಮುಖ ತಿರುಗು ಕೊಡು. ರಿಂಗಿನ ಹಿಂಭಾಗಕ್ಕೆ ತಗುಲಿದರೂ ವೇಗ ಕಳೆದುಕೊಂಡು ಒಳಗೆ ಬೀಳುವ ಸಾಧ್ಯತೆ ಹೆಚ್ಚು.

ನಮ್ಮ ದುರ್ಗದ ಗಾಳಿಯನ್ನೂ ಮರೆಯಬೇಡ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಒಂದು ಸೆಕೆಂಡು ಆಕಾಶದಲ್ಲಿರುವ ಚೆಂಡನ್ನು ಆಷಾಢದ ಅಡ್ಡಗಾಳಿ ಗೇಣುದ್ದ ಸರಿಸಬಲ್ಲದು. ಬಯಲು ಅಂಕಣವಾದರೆ ಬೆಳಗ್ಗೆ, ಗಾಳಿ ಏಳುವ ಮೊದಲೇ ಹೋಗು. ಐವತ್ತು ಎಸೆತ ಎಸೆದು, ಮುಂಭಾಗಕ್ಕೆ ಬಡಿದದ್ದೆಷ್ಟು, ಹಿಂಭಾಗಕ್ಕೆಷ್ಟು ಎಂದು ಬರೆದಿಟ್ಟು ನನಗೆ ಕಳುಹಿಸು.